ಎಲ್ಲರೂ ನೋಡಬಹುದಾದ ಸಿನಿಮಾ

ಕಳೆದ ತಿಂಗಳು ನನ್ನ ಕನ್ನಡಕದ ಕಡ್ಡಿ ಮುರಿಯಿತು. ಸರಿಮಾಡಿಸಲೆಂದು ಬಿಜೈ ಕಡೆಗೆ ಹೋದೆ. ಕನ್ನಡಕದ ಅಂಗಡಿ ಇರುವುದು ಒಂದು ಮಾಲಿನ ನೆಲ ಅಂತಸ್ತಿನಲ್ಲಿ; ಮೇಲಿನ ಅಂತಸ್ತಿನಲ್ಲಿ ಸಿನಿಮಾ. ಅಂಗಡಿಯ ಹುಡುಗಿ "ಹತ್ತು ನಿಮಿಷ ಕೂತ್ಕೊಳ್ಳಿ ಆಂಟಿ" ಎಂದಳು. ಕನ್ನಡಕವಿಲ್ಲದೆ ಕೂತರೆ ನನಗೆ ಎದುರಿನ ಬಾಗಿಲೂ ಮನುಷ್ಯನೂ ಒಂದೇ. ಕಣ್ಣು ಕೈಕೊಟ್ಟಾಗ ಮೂಗು ಚುರುಕಾಗುತ್ತದೋ ಏನೋ, ಮೇಲಿನಿಂದ ಬೆಣ್ಣೆ ಹಾಕಿದ ಪಾಪ್‌ಕಾರ್ನಿನ ವಾಸನೆ ಇಳಿದು ಬಂತು. ನಿಮಗೆ ಆ ವಾಸನೆ ಇಷ್ಟವಿರಬಹುದು. ಹೆಚ್ಚಿನವರಿಗೆ ಅದು ರಜೆಯ ವಾಸನೆ, ಮಕ್ಕಳ ಕೈ ಹಿಡಿದು ಓಡುವ ವಾಸನೆ. ನಾನು ಮಾತ್ರ ಎದ್ದು ಹೊರಗೆ ಹೋಗಿ, ಬಿಸಿಲಲ್ಲಿ, ಪಾರ್ಕಿಂಗ್ ಮಾಡಿದ ಸ್ಕೂಟರುಗಳ ನಡುವೆ ನಿಂತೆ. ಹುಡುಗಿ ಕನ್ನಡಕ ಹಿಡಿದುಕೊಂಡು ನನ್ನನ್ನು ಹುಡುಕಿಕೊಂಡು ಬರಬೇಕಾಯಿತು.

ಒಂದು ಕಾಲದಲ್ಲಿ ನನ್ನಷ್ಟು ಸಿನಿಮಾ ನೋಡುವವರು ನಮ್ಮ ಮಣ್ಣಗುಡ್ಡದಲ್ಲಿ ಇರಲಿಲ್ಲ. ನಾನು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ನನ್ನವರು ಹೋಟೆಲು ನಡೆಸುತ್ತಿದ್ದರು. ಸಿನಿಮಾ ಎಂದರೆ ಅವರಿಗೆ ತಂಪಾದ ಜಾಗದಲ್ಲಿ ಎರಡೂವರೆ ಗಂಟೆಯ ನಿದ್ರೆ. ಮಕ್ಕಳಿಲ್ಲದ ಮನೆ, ಭಾನುವಾರಗಳು ಉದ್ದವಾಗಿರುತ್ತಿದ್ದವು. ಕನ್ನಡ, ಹಿಂದಿ, ಮಲಯಾಳ, ತುಳು, ಬಂದದ್ದನ್ನೆಲ್ಲ ನೋಡುತ್ತಿದ್ದೆ. ಇದು ಇಡೀ ಶಾಲೆಗೇ ಗೊತ್ತಿದ್ದ ವಿಷಯ.

ಒಮ್ಮೆ ಮೂರನೆಯ ತರಗತಿಯ ಹುಡುಗರು ಸ್ಕೇಲು ಹಿಡಿದು ಒಬ್ಬರ ಕುತ್ತಿಗೆಯನ್ನು ಒಬ್ಬರು ಕೊಯ್ಯುವ ಆಟ ಶುರುಮಾಡಿದರು. ವಿಚಾರಿಸಿದರೆ, ಮೂವರು ಹಿಂದಿನ ವಾರ ಅಪ್ಪ ಅಮ್ಮನ ಜೊತೆ ಒಂದು ಹೊಡೆದಾಟದ ಸಿನಿಮಾಕ್ಕೆ ಹೋಗಿ ಬಂದಿದ್ದರು. ನಮ್ಮ ಹೆಡ್‌ಮಿಸ್ಟ್ರೆಸ್ಸರು ನನ್ನನ್ನು ಕರೆದು, "ನಿಮಗೆ ಹೇಗೂ ಸಿನಿಮಾ ಮರ್ಲು ಉಂಟಲ್ಲ? ಈ ಸರ್ಟಿಫಿಕೇಟಿನ ವಿಷಯ ಪೇರೆಂಟ್ಸಿಗೆ ಒಮ್ಮೆ ಸರಿಯಾಗಿ ಹೇಳಿ" ಎಂದರು. ಹುಚ್ಚಿಗೂ ಒಂದು ಜವಾಬ್ದಾರಿ ಸಿಕ್ಕಿತಲ್ಲ ಎಂದು ನಾನು ಉಬ್ಬಿಹೋದೆ.

ಸಿನಿಮಾ ಶುರುವಾಗುವ ಮೊದಲು ಪರದೆಯ ಮೇಲೆ ಒಂದು ಸರ್ಟಿಫಿಕೇಟು ಕೆಲವು ಸೆಕೆಂಡು ನಿಲ್ಲುತ್ತದೆ. ನಾವೆಲ್ಲ ಆ ಹೊತ್ತಿನಲ್ಲಿ ಸೀಟು ಹುಡುಕುತ್ತಿರುತ್ತೇವೆ. ಅದರಲ್ಲಿರುವ ಅಕ್ಷರಗಳನ್ನು ನಾನು ಒಂದು ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಮೂರು ಬಣ್ಣದ ವೃತ್ತಗಳಲ್ಲಿ ಬರೆದೆ. ಹಸಿರು ವೃತ್ತದಲ್ಲಿ ‘ಯು’: ಯಾರು ಬೇಕಾದರೂ ನೋಡಬಹುದು. ಹಳದಿಯಲ್ಲಿ ‘ಯು/ಎ’: ಹನ್ನೆರಡರ ಒಳಗಿನ ಮಕ್ಕಳಿಗೆ ತೋರಿಸುವುದೋ ಬೇಡವೋ ಎಂದು ಹೆತ್ತವರು ಯೋಚಿಸಬೇಕು. ಕೆಂಪಿನಲ್ಲಿ ‘ಎ’: ಹದಿನೆಂಟು ತುಂಬಿದವರಿಗೆ ಮಾತ್ರ. ಈಗ ಆ ಹಳದಿಯನ್ನು ಏಳು, ಹದಿಮೂರು, ಹದಿನಾರು ಎಂದು ಮೂರು ಭಾಗ ಮಾಡಿದ್ದಾರೆ. ಒಳ್ಳೆಯದೇ. ನನ್ನ ಕಾಲದಲ್ಲಿ ಒಂದೇ ಹಳದಿ.

ಭಾಷಣದ ದಿನ ಮಕ್ಕಳು ಮುಂದೆ ಚಾಪೆಯಲ್ಲಿ, ಹೆತ್ತವರು ಹಿಂದೆ ಬೆಂಚಿನಲ್ಲಿ. ‘ಯು’ ಎಂದರೆ ಏನು ಎಂದು ಕೇಳಿದಾಗ ಒಂದನೆಯ ತರಗತಿಯ ಹುಡುಗಿಯೊಬ್ಬಳು ಕೈಯೆತ್ತಿ, "ಯು ಅಂದ್ರೆ ನೀನು, ಟೀಚರ್. ನೀನು ಬರಬಹುದು ಅಂತ" ಎಂದಳು. ಎಲ್ಲರೂ ನಕ್ಕರು. ಒಬ್ಬ ತಂದೆ ಎದ್ದು, "ಟೀಚರ್, ಮೂರು ಸಾವಿರ ಚಾನೆಲ್ ಮನೆಯಲ್ಲೇ ಉಂಟು, ನೀವು ಥಿಯೇಟರಿನ ಬಾಗಿಲು ಕಾಯ್ತೀರಲ್ಲ ಮಾರಾಯ್ರೆ" ಎಂದರು. ಅದಕ್ಕೂ ನಕ್ಕರು. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ತಾಯಿ ಮೆಲ್ಲಗೆ ಕೇಳಿದರು:

"ಟೀಚರ್, ಹಸಿರು ಇದ್ದರೆ ಹೆದರಿಕೆ ಇಲ್ಲವಾ? ಕಣ್ಣು ಮುಚ್ಚಿ ಕಳಿಸಬಹುದಾ?"

"ಧೈರ್ಯವಾಗಿ ಕಳಿಸಿ" ಎಂದೆ.

ಕೇಳಿದವರು ಲವೀನಾ. ನಮ್ಮ ಪಕ್ಕದ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದವರು, ಒಂದು ಆಸ್ಪತ್ರೆಯಲ್ಲಿ ನರ್ಸ್. ಒಬ್ಬಳೇ ಮಗಳು ಶೆರಿಲ್, ನಮ್ಮ ಶಾಲೆಯಲ್ಲೇ ಓದುತ್ತಿದ್ದಳು. ಮನೆಯಲ್ಲಿ ತಾಯಿ ಮಗಳು ಕೊಂಕಣಿ, ನಾನೂ ಲವೀನಾರೂ ಮಾತಾಡುವಾಗ ತುಳು, ಶೆರಿಲ್ ನನ್ನ ಬಳಿ ಬಂದರೆ ಕನ್ನಡ. ಟೀಚರ್ ಹತ್ತಿರ ಕನ್ನಡದಲ್ಲೇ ಮಾತಾಡಬೇಕೆಂದು ಅವಳೇ ಮಾಡಿಕೊಂಡ ನಿಯಮ. ತಾಯಿಗೆ ಡ್ಯೂಟಿ ಇದ್ದ ದಿನ ಸಂಜೆ ನಮ್ಮ ಮನೆಯಲ್ಲೇ ಇರುತ್ತಿದ್ದಳು. ನಾನು ಇಲ್ಲಿ ಅವಳನ್ನು ನನ್ನ ಮಗಳ ಹಾಗೆ ಎಂದು ಬರೆಯಬಹುದಿತ್ತು. ಹಾಗೆ ಅಂದುಕೊಂಡದ್ದೇ ತಪ್ಪಾಯಿತು ಎಂದು ಈಗ ಅನಿಸುತ್ತದೆ.

ಈ ಭಾಷಣಕ್ಕೆ ಎರಡು ವರ್ಷ ಮೊದಲು, ಗಲ್ಫಿನಲ್ಲಿ ಕೆಲಸಕ್ಕಿದ್ದ ಶೆರಿಲ್‌ಳ ತಂದೆ ಮೆಲ್ವಿನ್ ಅಲ್ಲೇ ದಮಾಮಿನಲ್ಲಿ ತೀರಿಕೊಂಡಿದ್ದರು. ನಿದ್ರೆಯಲ್ಲೇ ಹೃದಯ ನಿಂತಿತ್ತು. ಕಾಗದಪತ್ರ ಮುಗಿದು ದೇಹ ಊರಿಗೆ ಬರಲು ಹತ್ತೊಂಬತ್ತು ದಿನ ಹಿಡಿಯಿತು. ಅಷ್ಟೂ ದಿನ ಲವೀನಾ ಫೋನು ಹಿಡಿದು ಮಹಡಿಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಕೊನೆಗೆ ಬಜ್ಪೆಗೆ ವಿಮಾನ ಬರುವ ದಿನ, ಅಣ್ಣನ ಜೊತೆ ಕಾರು ಹತ್ತುವ ಮೊದಲು ಮಗಳನ್ನು ನನ್ನ ಬಳಿ ಬಿಡಲು ಬಂದರು. ಎಂಟು ವರ್ಷದ ಶೆರಿಲ್ ನಮ್ಮ ಬಾಗಿಲಲ್ಲಿ ನಿಂತು, ನಾನಿದ್ದೇನೆಂದೋ ಏನೋ, ಕನ್ನಡದಲ್ಲೇ ಕೇಳಿದಳು:

"ಮಮ್ಮಿ, ಪಪ್ಪನಿಗೆ ಕಿಟಕಿ ಸೀಟು ಸಿಕ್ಕಿದ್ದಾ?"

ಮೆಲ್ವಿನ್ ಪ್ರತಿ ರಜೆಯಲ್ಲೂ ಬಂದು ಹೇಳುತ್ತಿದ್ದ ತಮಾಷೆ ಅದು. ತನಗೆ ಯಾವಾಗಲೂ ನಡುವಿನ ಸೀಟೇ ಸಿಗುವುದು, ಆಚೆ ಒಂದು ಹೊಟ್ಟೆ, ಈಚೆ ಒಂದು ಹೊಟ್ಟೆ, ನಡುವೆ ಪಾಪದ ಮೆಲ್ವಿನ್ ಎಂದು ಅಭಿನಯಿಸಿ ತೋರಿಸುತ್ತಿದ್ದರು. ಲವೀನಾ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದರು:

"ಸಿಕ್ಕಿದೆ ಮಗಾ. ಈ ಸಲ ಸಿಕ್ಕಿದೆ. ಕಿಟಕಿಗೆ ಒರಗಿ ಮಲಗಿ ಬರ್ತಾರೆ."

ನಾನು ಪಕ್ಕದಲ್ಲೇ ನಿಂತಿದ್ದೆ. ಅಂತ್ಯಕ್ರಿಯೆಯ ಹೊತ್ತಿಗೆ ಇಗರ್ಜಿಯಲ್ಲಿ ಶೆರಿಲ್ ತಂದೆಯ ಮುಖ ನೋಡಿದಳು, ಪೆಟ್ಟಿಗೆಯನ್ನೂ ನೋಡಿದಳು. ವಿಮಾನದಿಂದ ಇಳಿದ ಮೇಲೆ ಅದರಲ್ಲಿ ಮಲಗಿಸಿದ್ದು ಎಂದು ತಾಯಿ ಹೇಳಿದ್ದನ್ನು ನಂಬಿದಳು. ಮುಂದಿನ ವರ್ಷ ‘ನನ್ನ ತಂದೆ’ ಎಂಬ ಪ್ರಬಂಧದಲ್ಲಿ, "ನನ್ನ ಪಪ್ಪ ಕೊನೆಯ ಸಲ ಕಿಟಕಿಯ ಹತ್ತಿರ ಕೂತುಕೊಂಡು ಮೋಡ ನೋಡಿಕೊಂಡು ಬಂದರು" ಎಂದು ಬರೆದಿದ್ದಳು. ಕೆಳಗೆ ವಿಮಾನದ ಚಿತ್ರ, ಒಂದೇ ಒಂದು ಕಿಟಕಿ. ನಾನು ಏನು ಮಾಡಿದೆ ಗೊತ್ತೇ? ಕೆಂಪು ಶಾಯಿಯಲ್ಲಿ ‘ಕೂತುಕೊಂಡು’ ಎಂಬುದನ್ನು ಹೊಡೆದು ‘ಕುಳಿತು’ ಎಂದು ತಿದ್ದಿದೆ. ಹತ್ತಕ್ಕೆ ಎಂಟು ಅಂಕ ಕೊಟ್ಟೆ.

ನನ್ನ ಭಾಷಣ ಮುಗಿದು ಒಂದು ತಿಂಗಳಾಗಿರಬಹುದು. ಒಂದು ಭಾನುವಾರ ಲವೀನಾರಿಗೆ ಹಗಲು ಡ್ಯೂಟಿ ಬಿತ್ತು. ಶೆರಿಲ್‌ಳನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಲೇ ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ಹಸಿರು ತಾನೇ?" ಎಂದರು. "ಅಪ್ಪಟ ಹಸಿರು" ಎಂದೆ. ಪೇಪರಿನಲ್ಲಿ ನೋಡಿ ಖಚಿತ ಮಾಡಿಕೊಂಡಿದ್ದೆ. ಊರಿಗೆ ಪಾಠ ಹೇಳಿದವಳು ನಾನೇ ತಪ್ಪಬಾರದಲ್ಲ.

ಅದೊಂದು ಸಂಸಾರದ ಹಾಸ್ಯ ಸಿನಿಮಾ. ಹೆಸರು ಬೇಡ, ಅದರದ್ದೇನೂ ತಪ್ಪಿಲ್ಲ. ಮೊದಲರ್ಧ ಶೆರಿಲ್ ಸೀಟಿನಲ್ಲಿ ಕುಣಿದು ಕುಣಿದು ನಕ್ಕಳು. ಮಧ್ಯಂತರದಲ್ಲಿ ದೊಡ್ಡ ಪೊಟ್ಟಣ ಪಾಪ್‌ಕಾರ್ನ್ ಕೊಡಿಸಿದೆ. ಮಧ್ಯಂತರದ ನಂತರ ನಾಯಕನ ಮಾವ ಗಲ್ಫಿನಲ್ಲಿ ತೀರಿಕೊಳ್ಳುತ್ತಾನೆ. ಮನೆಯವರೆಲ್ಲ ವಿಮಾನ ನಿಲ್ದಾಣಕ್ಕೆ ಹೋಗುತ್ತಾರೆ. ಜನ ಹೊರಬರುವ ಬಾಗಿಲಿಗಲ್ಲ, ಹಿಂದಿನ ಸರಕಿನ ಗೇಟಿಗೆ. ಟಿವಿಯ ಪೆಟ್ಟಿಗೆಗಳು, ಹಗ್ಗ ಕಟ್ಟಿದ ರಟ್ಟಿನ ಡಬ್ಬಿಗಳು, ಅವುಗಳ ನಡುವೆ ಒಂದು ಉದ್ದದ ಮರದ ಪೆಟ್ಟಿಗೆ. ಅದರ ಮೇಲೆ ಅಂಟಿಸಿದ ಕಾಗದ, ಹೆಸರು, ತೂಕ. ಒಬ್ಬ ನೌಕರ ಬಂದು, ಇಲ್ಲಿ ಸಹಿ ಮಾಡಿ ಎನ್ನುತ್ತಾನೆ. ಅಷ್ಟೇ ದೃಶ್ಯ. ರಕ್ತವಿಲ್ಲ, ಕೂಗಾಟವಿಲ್ಲ, ಕೆಟ್ಟ ಮಾತಿಲ್ಲ. ಯಾವ ಸರ್ಟಿಫಿಕೇಟಿನವರೂ ಅದರಲ್ಲಿ ಕತ್ತರಿಸಲು ಏನನ್ನೂ ಕಾಣುತ್ತಿರಲಿಲ್ಲ.

ಶೆರಿಲ್‌ಳ ಕೈ ಪೊಟ್ಟಣದೊಳಗೆ ಹಾಗೆಯೇ ಉಳಿಯಿತು. ಅವಳು ಅದನ್ನು ಹೊರಗೆ ತೆಗೆಯಲೂ ಇಲ್ಲ, ತಿನ್ನಲೂ ಇಲ್ಲ. ನಾನು ಹೊರಗೆ ಹೋಗೋಣವೇ ಎಂದು ಕಿವಿಯಲ್ಲಿ ಕೇಳಿದೆ, ಬೇಡವೆಂದು ತಲೆಯಾಡಿಸಿದಳು. ಸಿನಿಮಾ ಮುಗಿಯುವವರೆಗೂ ಪರದೆಯನ್ನೇ ನೋಡುತ್ತಿದ್ದಳು, ಆದರೆ ಕೊನೆಯ ಹಾಸ್ಯಕ್ಕೆ ಜನ ನಕ್ಕಾಗ ಅವಳು ತಿರುಗಿ ಜನರನ್ನು ನೋಡಿದಳು.

ಆಟೋದಲ್ಲಿ ಮನೆಗೆ ಹೊರಟೆವು. ಸಿಗ್ನಲಿನಲ್ಲಿ ಆಟೋ ನಿಂತಾಗ ಕೇಳಿದಳು:

"ಟೀಚರ್, ಸತ್ತವರನ್ನು ಎಲ್ಲರನ್ನೂ ಹೀಗೆಯೇ ತರುದಾ?"

"ಹೌದು ಮಗಾ."

"ನನ್ನ ಪಪ್ಪನನ್ನೂ?"

ಇಲ್ಲಿ ನೀವಾಗಿದ್ದರೆ ಏನು ಹೇಳುತ್ತಿದ್ದಿರಿ ಎಂದು ನಾನು ಎಷ್ಟೋ ಸಲ, ನಿಮ್ಮಂತಹ ಯಾರನ್ನೋ ಮನಸ್ಸಿನಲ್ಲೇ ಕೂರಿಸಿಕೊಂಡು ಕೇಳಿದ್ದೇನೆ. ನಾನು ಹೆಚ್ಚು ಯೋಚಿಸಲಿಲ್ಲ. ಮಗು ನೇರವಾಗಿ ಕೇಳಿದರೆ ನೇರವಾಗಿ ಹೇಳಬೇಕು ಎಂದು ಹೆತ್ತವರಿಗೆ ಉಪದೇಶ ಮಾಡಿದವಳು ನಾನು. ಅವಳ ಹೆಗಲ ಮೇಲೆ ಕೈಯಿಟ್ಟು, ನನಗೆ ಸಾಧ್ಯವಿದ್ದಷ್ಟು ಮೃದುವಾಗಿ, "ಹೌದು" ಎಂದೆ. ಎಷ್ಟು ಚೆನ್ನಾಗಿ ಹೇಳಿದೆ ಎಂದು ಒಳಗೊಳಗೇ ಒಂದು ಸಣ್ಣ ತೃಪ್ತಿಯೂ ಆಯಿತು. ಅದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಶೆರಿಲ್ ಅಳಲಿಲ್ಲ. "ಮಮ್ಮಿಗೆ ಗೊತ್ತಿತ್ತಾ?" ಎಂದು ಮಾತ್ರ ಕೇಳಿದಳು. ಅದಕ್ಕೂ ನಾನು ಹೌದು ಎಂದೆ.

ಸಂಜೆ, ಮಗಳನ್ನು ಮಹಡಿಗೆ ಕರೆದುಕೊಂಡು ಹೋಗಿ ಎಲ್ಲ ಕೇಳಿ ತಿಳಿದ ಮೇಲೆ, ಲವೀನಾ ಮತ್ತೆ ನಮ್ಮ ಬಾಗಿಲಿಗೆ ಬಂದರು. ಡ್ಯೂಟಿಯಿಂದ ಬಂದ ಬಿಳಿ ಉಡುಪು ಇನ್ನೂ ಮೈಮೇಲಿತ್ತು. ಮೊದಲು ಕೊಂಕಣಿಯಲ್ಲಿ ಏನೋ ಹೇಳಿದರು. ನನಗೆ ಕೊಂಕಣಿ ಬಾರದು ಎಂಬುದನ್ನೇ ಮರೆತಿದ್ದರು. ಮತ್ತೆ ಕನ್ನಡದಲ್ಲಿ, ನಮ್ಮಿಬ್ಬರ ನಡುವೆ ಎಂದೂ ಇಲ್ಲದ ಆ ಶಾಲೆಯ ಭಾಷೆಯಲ್ಲಿ ಹೇಳಿದರು:

"ಅವರಿಗೆ ಒಂದು ಕಿಟಕಿ ಸೀಟು ಕೊಟ್ಟಿದ್ದೆ ಟೀಚರ್. ಬೇರೆ ಎಂತ ಕೊಡ್ಲಿಕ್ಕೆ ಆಗ್ತಿತ್ತು ನನಗೆ? ಅದನ್ನೂ ನೀವು ತೆಗೆದ್ರಿ."

"ಅವಳೇ ಕೇಳಿದಳು ಲವೀನಾ. ನಾನು ಸುಳ್ಳು ಹೇಳಬೇಕಿತ್ತಾ?"

"ನನ್ನ ಗಂಡ. ನನ್ನ ಮಗಳು. ನಡುವೆ ನೀವು ಯಾಕೆ ಉತ್ತರ ಕೊಟ್ಟದ್ದು?"

ನನ್ನವರು ಒಳಗಿಂದ ಎದ್ದು ಬಂದು, "ಬನ್ನಿ, ಒಳಗೆ ಕೂತು ಮಾತಾಡುವ" ಎಂದರು. ಲವೀನಾ ಕೂರಲಿಲ್ಲ. ಮೆಟ್ಟಿಲು ಹತ್ತಿ ಹೋದರು.

ಮತ್ತೆ ಶೆರಿಲ್ ನಮ್ಮ ಮನೆಗೆ ಬರಲಿಲ್ಲ. ಡ್ಯೂಟಿಯಿದ್ದ ದಿನ ಅವಳನ್ನು ನೋಡಿಕೊಳ್ಳಲು ಲವೀನಾ ದೂರದ ಸಂಬಂಧದ ಒಬ್ಬ ಅಜ್ಜಿಯನ್ನು ಕರೆಸಿಕೊಂಡರು. ಜೂನಿನಲ್ಲಿ ಮನೆ ಬದಲಾಯಿಸಿ ಕೂಳೂರಿಗೆ ಹೋದರು. ಶಾಲೆ ಅದೇ ಇದ್ದುದರಿಂದ ಹುಡುಗಿ ಕಣ್ಣಿಗೆ ಬೀಳುತ್ತಿದ್ದಳು. ನಮಸ್ತೇ ಟೀಚರ್ ಎನ್ನುತ್ತಿದ್ದಳು, ಉಳಿದ ನಾನೂರು ಮಕ್ಕಳು ಹೇಳುವ ಹಾಗೆ. ಮುಂದಿನ ವರ್ಷದ ಭಾಷಣವನ್ನು ನಾನು ಮಾಡಲಿಲ್ಲ. ಗಂಟಲು ಸರಿಯಿಲ್ಲ ಎಂದೆ. ಸಿನಿಮಾಕ್ಕೆ ಹೋಗುವುದೂ ನಿಂತಿತು. ನನ್ನವರಿಗೆ ಮನೆಯಲ್ಲೇ ನಿದ್ರೆ ಮಾಡುವ ಅನುಕೂಲವಾಯಿತು.

ಕೆಲವು ವರ್ಷಗಳ ನಂತರ, ನನ್ನವರು ತೀರಿಕೊಂಡಾಗ, ಲವೀನಾ ಬಂದಿದ್ದರು. ಎಲ್ಲರೂ ಹೋದ ಮೇಲೂ ಸ್ವಲ್ಪ ಹೊತ್ತು ಕೂತರು. ತುಳುವಿನಲ್ಲೇ ಮಾತಾಡಿದೆವು. ಶೆರಿಲ್ ಹೇಗಿದ್ದಾಳೆ ಎಂದೆ. "ಒಳ್ಳೆ ಹುಡುಗಿ. ಓದ್ತಾಳೆ, ಎದುರು ಮಾತಾಡುದಿಲ್ಲ" ಎಂದರು. ಮತ್ತೆ ನೆಲ ನೋಡುತ್ತ ಹೇಳಿದರು: "ಆದ್ರೆ ಟೀಚರ್, ಆ ದಿನದಿಂದ ನಾನು ಎಂತ ಹೇಳಿದ್ರೂ ಅವಳು ಮೊದಲು ನನ್ನ ಮುಖ ನೋಡ್ತಾಳೆ. ಊಟ ಆಯ್ತು ಅಂದ್ರೂ ನೋಡ್ತಾಳೆ. ನಿಜವಾ ಅಂತ." ದೂರುವ ದನಿಯಲ್ಲಿ ಹೇಳಿದ್ದಲ್ಲ.

ಇಷ್ಟೆಲ್ಲ ಆ ಪಾಪ್‌ಕಾರ್ನಿನ ವಾಸನೆಯ ಹಿಂದೆ ಇತ್ತು. ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕನ್ನಡಕ ಸರಿಯಾಗಿ ಬಂದ ಎರಡು ವಾರಕ್ಕೆ ನನಗೊಂದು ಫೋನು ಬಂತು. ನಂಬರು ಹೊರದೇಶದ್ದು.

"ಟೀಚರ್, ನಾನು ಶೆರಿಲ್. ಮಸ್ಕತ್‌ನಿಂದ."

ನರ್ಸಿಂಗ್ ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷದ ಮೇಲಾಗಿತ್ತಂತೆ. ಕ್ಷೇಮ ಸಮಾಚಾರವೆಲ್ಲ ಬೇಗ ಮುಗಿಯಿತು. ಆಮೇಲೆ ಚಿಕ್ಕಂದಿನ ಹಾಗೆ ಕನ್ನಡದಲ್ಲೇ ಹೇಳಿದಳು:

"ಮಮ್ಮಿ ಈಗ ವಿಡಿಯೋ ಕಾಲ್ ತೆಗೆಯುದಿಲ್ಲ ಟೀಚರ್. ಎರಡು ತಿಂಗಳಾಯ್ತು. ಕ್ಯಾಮೆರಾ ಹಾಳಾಗಿದೆ ಅಂತಾರೆ. ಹೊಸ ಮೊಬೈಲ್ ಕಳಿಸ್ತೇನೆ ಅಂದ್ರೆ ಬೇಡ ಅಂತಾರೆ. ಮಾತು ಸರಿ ಉಂಟು, ಆದ್ರೆ ಮುಖ ಕಾಣುದಿಲ್ಲ ನನಗೆ. ನೀವು ಸುಳ್ಳು ಹೇಳುದಿಲ್ಲ ಅಂತ ನನಗೆ ಗೊತ್ತು. ಒಮ್ಮೆ ಹೋಗಿ ನೋಡಿ, ಎಂತ ಅಂತ ಹೇಳ್ತೀರಾ? ಬುಧವಾರ ಸಂಜೆ ನಾನೇ ಫೋನ್ ಮಾಡ್ತೇನೆ."

ಆಯಿತು ಎಂದೆ. ಇಲ್ಲ ಎನ್ನುವುದು ಹೇಗೆ?

ಬುಧವಾರ ಮಧ್ಯಾಹ್ನ ಬಸ್ಸು ಹಿಡಿದು ಕೂಳೂರಿಗೆ ಹೋದೆ. ಸೇತುವೆಯ ಮೇಲೆ ಲಾರಿಗಳ ಸಾಲು, ಬಸ್ಸು ತೆವಳುತ್ತಿತ್ತು. ಅಷ್ಟು ಹೊತ್ತೂ ನಾನು ನೋಡಿದ್ದನ್ನು ಯಾವ ಮಾತಿನಲ್ಲಿ ಹೇಳುವುದೆಂದು ಲೆಕ್ಕ ಹಾಕುತ್ತಿದ್ದೆ. ಮೃದುವಾಗಿ ಹೇಳುವುದರಲ್ಲಿ ನಾನು ಹಳಬಳಲ್ಲವೇ? ಆ ಯೋಚನೆ ಬಂದದ್ದೇ ನನಗೆ ನನ್ನ ಮೇಲೆ ಅಸಹ್ಯವಾಯಿತು.

ಬಾಗಿಲು ತೆರೆದವರು ಲವೀನಾ ಎಂದು ಗುರುತಿಸಲು ಒಂದು ಕ್ಷಣ ಬೇಕಾಯಿತು. ತಲೆಗೆ ಹೂವಿನ ಸ್ಕಾರ್ಫ್ ಕಟ್ಟಿದ್ದರು, ಹುಬ್ಬು ಇರಲಿಲ್ಲ. ಕೈ ಮಾತ್ರ ಅವರದೇ, ನರ್ಸಿನ ಕೈ, ಉಗುರು ಚಿಕ್ಕದಾಗಿ ಕತ್ತರಿಸಿದ್ದು. ನನ್ನನ್ನು ನೋಡಿ ನಕ್ಕರು.

"ಅವಳು ಕಳಿಸಿದ್ದಾ?"

"ಹೌದು."

"ಬನ್ನಿ. ಚಾ ನೀವೇ ಮಾಡ್ಬೇಕು. ನನಗೆ ಹಾಲಿನ ವಾಸನೆ ಆಗುದಿಲ್ಲ ಈಗ."

ನಾನು ಚಹಾ ಮಾಡಿದೆ. ಅವರು ಎಲ್ಲವನ್ನೂ ಹೇಳಿದರು, ಬೇರೊಬ್ಬ ರೋಗಿಯ ವಿಷಯ ಹೇಳುವ ಹಾಗೆ. ಸ್ತನದಲ್ಲಿ ಶುರುವಾದದ್ದು ಎಲುಬಿಗೆ ಹೋಗಿತ್ತು. ಔಷಧಿ ನಡೆಯುತ್ತಿತ್ತು; ಔಷಧಿ ಎಷ್ಟು ದಿನದ ಮಾತು ಎಂಬುದು ಅವರಿಗೆ ಡಾಕ್ಟರಿಗಿಂತ ಚೆನ್ನಾಗಿ ಗೊತ್ತಿತ್ತು. "ಮೊದಲ ಕಾಂಟ್ರ್ಯಾಕ್ಟ್ ಟೀಚರ್. ನಡುವೆ ಬಿಟ್ಟು ಬಂದ್ರೆ ಮತ್ತೆ ಸಿಗುದಿಲ್ಲ. ಇನ್ನು ಎಂಟು ತಿಂಗಳು ಹೇಗಾದ್ರೂ ದೂಡುವ ಅಂತ ಇದ್ದೆ." ಗೋಡೆಯ ಮೇಲೆ ಮೆಲ್ವಿನ್‌ರ ಫೋಟೋ ಇತ್ತು. ಅವರು ಅದನ್ನು ನೋಡಲಿಲ್ಲ, ನಾನು ನೋಡಿದೆ.

ಆಮೇಲೆ ಕೇಳಿದರು: "ನೀವು ಎಂತ ಹೇಳ್ತೀರಿ ಅವಳಿಗೆ?"

"ನಾನು ಎಂತದೂ ಹೇಳುದಿಲ್ಲ."

"ಚೆನ್ನಾಗಿದ್ದಾರೆ ಅಂತ ಹೇಳಿ."

"ಅದೂ ಹೇಳುದಿಲ್ಲ ಲವೀನಾ. ಹೌದೂ ಇಲ್ಲ, ಅಲ್ಲವೂ ಇಲ್ಲ. ಅದು ನನ್ನ ಬಾಯಿಂದ ಹೋಗುವ ಮಾತಲ್ಲ. ಒಮ್ಮೆ ಹೋದದ್ದು ಸಾಕು."

ಅವರು ನನ್ನನ್ನೇ ನೋಡಿದರು. ಅಷ್ಟು ವರ್ಷ ನಾನು ಬಾಯಿಬಿಟ್ಟು ಕೇಳದ ಕ್ಷಮೆ ಅದು ಎಂದು ಅವರಿಗೆ ತಿಳಿಯಿತೋ ಇಲ್ಲವೋ. ತಿಳಿದರೂ ಅದರಿಂದ ಯಾವುದೂ ಸರಿಯಾಗುವ ಹಾಗಿರಲಿಲ್ಲ.

ಹೊರಗೆ ಕತ್ತಲಾಗುತ್ತಿತ್ತು. ನನ್ನ ಚೀಲದೊಳಗೆ ಫೋನು ಬಡಿಯತೊಡಗಿತು. ತೆಗೆದು ನೋಡಿದೆ; ಶೆರಿಲ್, ವಿಡಿಯೋ ಕಾಲ್. ಎತ್ತದೆ ಲವೀನಾರ ಮಡಿಲಲ್ಲಿಟ್ಟೆ. ಅದು ಬಡಿದು ಬಡಿದು ನಿಂತಿತು. ಮತ್ತೆ ಬಡಿಯಿತು. ಲವೀನಾ ಒಮ್ಮೆ ಕೈಯೆತ್ತಿ ಸ್ಕಾರ್ಫನ್ನು ಹಣೆಯವರೆಗೆ ಎಳೆದುಕೊಂಡರು. ಏನನ್ನಿಸಿತೋ, ಮತ್ತೆ ಹಿಂದಕ್ಕೆ ಸರಿಸಿದರು. ಆಮೇಲೆ ಗಂಟು ಬಿಚ್ಚಿ ಸ್ಕಾರ್ಫನ್ನೇ ತೆಗೆದು ಪಕ್ಕಕ್ಕಿಟ್ಟರು.

"ಲೈಟ್ ಹಾಕಿ ಟೀಚರ್" ಎಂದರು. "ಅವಳಿಗೆ ಸರಿ ಕಾಣಲಿ."

ನಾನು ಎದ್ದು ಸ್ವಿಚ್ ಒತ್ತಿ, ಹೊರಗೆ ಬಂದು, ಬಾಗಿಲು ಎಳೆದುಕೊಂಡೆ. ಒಳಗೆ ತಾಯಿ ಮಗಳು ಕೊಂಕಣಿಯಲ್ಲಿ ಮಾತಾಡತೊಡಗಿದರು.